ಇಂಚು-ಸೆಂಟಿನ ಫೋರ್ಕು

ನಮ್ಮ ಮೂಡಿಗೆರೆ ಕಡೆ ತೋಟದವರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದಿಲ್ಲ. ಇಂಚು, ಸೆಂಟು. ಇಂಚಿಗೆ ನೂರು ಸೆಂಟು. ಅಪ್ಪ ದಿನಾ ಬೆಳಿಗ್ಗೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಆ ಲೆಕ್ಕ ಕಂಪ್ಯೂಟರಿಗೂ ಹೋಗಲಿ ಅಂತ ಒಂದು ಓಪನ್ ಸೋರ್ಸ್ ಹವಾಮಾನ ತಂತ್ರಾಂಶವನ್ನು ಫೋರ್ಕ್ ಮಾಡಿಕೊಂಡೆ, ಅಂದರೆ ಅದರ ಕೋಡಿನ ಒಂದು ಪ್ರತಿಯನ್ನು ನನ್ನದಾಗಿ ಇಟ್ಟುಕೊಂಡೆ. ಮಿಲಿಮೀಟರ್ ಕಿತ್ತು ಇಂಚು-ಸೆಂಟು ಕೂರಿಸಿದೆ. ಬಟನ್‌ಗಳಿಗೆ ಕನ್ನಡ ಹಾಕಿದೆ. ಎಲ್ಲವನ್ನೂ ಮೇನ್ ಬ್ರಾಂಚಿನಲ್ಲೇ, ಅಂದರೆ ಕೋಡಿನ ಮುಖ್ಯ ಕವಲಿನಲ್ಲೇ ಮಾಡಿದೆ. ಎಡವಿದ್ದು ಅಲ್ಲೇ.

ಕಾಫಿ ಹೂ ಬಿಡಿಸುವ ಬೇಸಿಗೆಯ ಹೂಮಳೆ ಹೊತ್ತಿಗೆ ಮಾಡಿದ ಫೋರ್ಕನ್ನು ಜುಲೈವರೆಗೆ ತಿರುಗಿ ನೋಡಲಿಲ್ಲ. ಮೂಲದವರು ಏನು ಬದಲಿಸಿದರೂ ಅದು ತಾನಾಗಿ ನಮ್ಮ ಫೋರ್ಕಿಗೆ ಬರುವುದಿಲ್ಲ, ನಾವೇ ತರಬೇಕು. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ 'ಸಿಂಕ್ ಫೋರ್ಕ್' ಒತ್ತಿದೆ. ಕಾನ್‌ಫ್ಲಿಕ್ಟ್ ಇದೆ (ಅವರೂ ನಾನೂ ಒಂದೇ ಕಡೆ ಬೇರೆ ಬೇರೆ ಬದಲಿಸಿದ್ದೇವೆ) ಅಂದಿತು, ಜೊತೆಗೆ 'ಡಿಸ್ಕಾರ್ಡ್' ಅನ್ನುವ ಬಟನ್ನೂ ತೋರಿಸಿತು. ಸುಮ್ನೆ ಅದನ್ನೂ ಒತ್ತಿದೆ. ನನ್ನ ಕಮಿಟ್‌ಗಳು, ಅಂದರೆ ದಾಖಲಿಸಿಟ್ಟ ಬದಲಾವಣೆಗಳೆಲ್ಲ ಮಾಯ! ತಪ್ಪು ನನ್ನದೇ, ಬಿಸಾಡುತ್ತೇನೆ ಅಂತ ಬಟನ್ ಮೇಲೇ ಬರೆದಿತ್ತಲ್ಲ. ಪುಣ್ಯಕ್ಕೆ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ ಕ್ಲೋನಿನಲ್ಲಿ (ನಕಲಿನಲ್ಲಿ) ಹಳೆಯದು ಹಾಗೇ ಇತ್ತು.

ಮೊದಲು ಆ ಕಮಿಟ್‌ಗಳ ಮೇಲೆ 'ಇಂಚು' ಅಂತ ಹೊಸ ಬ್ರಾಂಚ್ ಇಟ್ಟೆ. ಆಮೇಲೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ 'ಗಿಟ್ ರಿಮೋಟ್ ಆ್ಯಡ್ ಅಪ್‌ಸ್ಟ್ರೀಮ್' ಅಂತ ಬರೆದು ಮೂಲದ ವಿಳಾಸ ಸೇರಿಸಿದೆ. ಒರಿಜಿನ್ ಅಂದರೆ ನನ್ನ ಫೋರ್ಕ್, ಅಪ್‌ಸ್ಟ್ರೀಮ್ (ಹೊಳೆಯ ಮೇಲ್ಭಾಗ) ಅಂದರೆ ಮೂಲ. ಹೇಮಾವತಿ ಹುಟ್ಟುವ ತಾಲ್ಲೂಕಿನವರಿಗೆ ಈ ಹೆಸರು ಸಲೀಸು: ನೀರು ಜಾವಳಿಯಿಂದ ಗೊರೂರಿಗೆ ಇಳಿಯುತ್ತದೆ, ಅಲ್ವಾ? ಕೊನೆಗೆ ಮೇನ್ ಬ್ರಾಂಚನ್ನು ಅಪ್‌ಸ್ಟ್ರೀಮಿಗೆ ಸರಿಯಾಗಿ ರೀಸೆಟ್ ಮಾಡಿದೆ. ಅವತ್ತಿನಿಂದ ಅದರಲ್ಲಿ ನನ್ನದು ಒಂದು ಸಾಲೂ ಇಲ್ಲ.

ಈಗ ಭಾನುವಾರ ಕರೆಂಟ್ ಇದ್ದಾಗ 'ಗಿಟ್ ಫೆಚ್ ಅಪ್‌ಸ್ಟ್ರೀಮ್' ಕೊಡುತ್ತೇನೆ. ಅದು ನಮ್ಮಲ್ಲಿ ಇಲ್ಲದ್ದನ್ನು ಮಾತ್ರ ಇಳಿಸುತ್ತದೆ, ನನ್ನ ಫೈಲುಗಳನ್ನು ಮುಟ್ಟುವುದಿಲ್ಲ. 'ಗಿಟ್ ಪುಲ್' ಆದರೆ ತಂದ ಕೂಡಲೇ ಬೆರೆಸಿಬಿಡುತ್ತದೆ, ಅದಕ್ಕೇ ನನಗೆ ಫೆಚ್ ಇಷ್ಟ. ನೆಟ್ ಬೇಕಾಗುವುದು ಅಷ್ಟಕ್ಕೇ. ಆಮೇಲೆ ಮಳೆಗೆ ಲೈನ್ ಹೋದರೂ ಬ್ಯಾಟರಿ ಇರುವವರೆಗೆ ಕೂತು ಲಾಗ್ (ಬದಲಾವಣೆಗಳ ಪಟ್ಟಿ) ಓದಬಹುದು. ಮೇನ್‌ಗೆ 'ಎಫ್‌ಎಫ್-ಓನ್ಲಿ' (ನೇರ ಮುಂದಕ್ಕೆ ಸರಿಯುವುದಾದರೆ ಮಾತ್ರ) ಹಾಕಿಯೇ ಮರ್ಜ್ ಮಾಡುತ್ತೇನೆ, ಅಂದರೆ ಬೆರೆಸುತ್ತೇನೆ. ಅಪ್ಪಿತಪ್ಪಿ ನನ್ನ ಕಮಿಟ್ ಅಲ್ಲಿ ಸೇರಿದ್ದರೆ ಅದು ಮರ್ಜ್ ಮಾಡದೆ ನಿಲ್ಲುತ್ತದೆ. ಆಮೇಲೆ 'ಇಂಚು' ಬ್ರಾಂಚನ್ನು ಮೇನ್ ಮೇಲೆ ರೀಬೇಸ್ ಮಾಡುತ್ತೇನೆ, ಅಂದರೆ ನನ್ನ ಕಮಿಟ್‌ಗಳನ್ನು ಹೊಸ ಮೇನ್ ತುದಿಗೆ ಮತ್ತೆ ಜೋಡಿಸುತ್ತೇನೆ.

ಜಾಸ್ತಿ ತಲೆ ತಿಂದದ್ದು ಕಾನ್‌ಫ್ಲಿಕ್ಟ್. ಅದೇ ಫೈಲು, ಅದೇ ಸಾಲು, ಪ್ರತಿ ಸಲ. 'ರಿರಿರಿ' ಅನ್ನುವ ಸೆಟ್ಟಿಂಗ್ ಆನ್ ಮಾಡಿದೆ. ಹೆಸರು ತಮಾಷೆಯಾಗಿದೆ, ಕೆಲಸ ಚೆನ್ನಾಗಿದೆ: ಒಂದು ಸಲ ಬಿಡಿಸಿದ ಗಂಟನ್ನು ನೆನಪಿಟ್ಟು, ಅದೇ ಗಂಟು ಮತ್ತೆ ಬಂದರೆ ಹಾಗೇ ಬಿಡಿಸುತ್ತದೆ. ಆದರೂ ನಿಜವಾದ ಉಪಾಯ ಬೇರೆ. ಇಂಚು-ಸೆಂಟಿನ ಲೆಕ್ಕವನ್ನೆಲ್ಲ ನನ್ನದೇ ಒಂದು ಫೈಲಿಗೆ ಸಾಗಿಸಿ, ಮೂಲದ ಕೋಡಿನಲ್ಲಿ ಒಂದೇ ಸಾಲು ಮುಟ್ಟಿದೆ. ಜಗಳ ಮುಕ್ಕಾಲು ಪಾಲು ನಿಂತಿತು. ರೀಬೇಸ್ ಆದ ಬ್ರಾಂಚನ್ನು ಒರಿಜಿನ್‌ಗೆ ಕಳಿಸುವಾಗ ಅಲ್ಲಿದ್ದದ್ದನ್ನು ನೋಡದೆ ಅಳಿಸಿ ಬರೆಯುವ ಬರೀ 'ಫೋರ್ಸ್' ಬೇಡ, 'ಫೋರ್ಸ್-ವಿತ್-ಲೀಸ್' ಹಾಕಿ. ಇನ್ನೊಂದು ಕಂಪ್ಯೂಟರಿನಿಂದ ನಾವೇ ಕಳಿಸಿ ಮರೆತದ್ದು ಅಲ್ಲಿದ್ದರೆ ಅಳಿಸದೆ ತಡೆಯುತ್ತದೆ.

ಕನ್ನಡದ ಬಟನ್‌ಗಳನ್ನು ಮೂಲದವರಿಗೇ ಪುಲ್ ರಿಕ್ವೆಸ್ಟ್ (ಇದನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಆಗಿ ಕಳಿಸಿದೆ, ತೆಗೆದುಕೊಂಡರು. ನಾನು ಹೊರುವ ಹೊರೆ ಅಷ್ಟು ಕಡಿಮೆ. ಇಂಚು-ಸೆಂಟನ್ನೂ ಕಳಿಸಿದ್ದೇನೆ. ಸೆಂಟು ಅಂದರೆ ದುಡ್ಡಾ ಅಂತ ಕೇಳಿದ್ದಾರೆ. ಅಪ್ಪನ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ತೆಗೆದು ಕಳಿಸಬೇಕು.