ಸ್ಪರ್ಧೆಯಿಂದ ಬರೋ ರೋಗ: ಎರಡು ಹೊತ್ತಿನ ಥರ್ಮಾಮೀಟರೇ ನಮ್ಮ ಲಾಯ ಉಳಿಸಿತು

ಕುದುರೆ ಸ್ಪರ್ಧೆಗೆ ಹೋದ ಕಡೆಯೆಲ್ಲ ನಾನು ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಹಿಡಿದು ಓಡಾಡುವುದನ್ನು ನೋಡಿ ಅಕ್ಕಪಕ್ಕದವರು ನಗುತ್ತಿದ್ದರು. "ಚೆನ್ನಾಗಿ ಮೇಯ್ತಾ ಇದೆ, ಸುಮ್ನೆ ಯಾಕೆ ಹಿಂಸೆ ಕೊಡ್ತೀರಿ?" ಅನ್ನುತ್ತಿದ್ದರು. ನಾಲ್ಕು ಸೀಸನ್ ಆಯಿತು. ನಮ್ಮ ಹದಿನಾಲ್ಕರಲ್ಲಿ ಒಂದು ಕುದುರೆಯೂ ರೋಗ ತಂದು ಉಳಿದವಕ್ಕೆ ಹಂಚಿಲ್ಲ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಅದಕ್ಕೂ ಮೊದಲು ಚೆನ್ನಾಗಿ ಪೆಟ್ಟು ತಿಂದಿದ್ದೆ. ಮೂರು ದಿನದ ಸ್ಪರ್ಧೆ ಮುಗಿಸಿ ಬಂದ ಕುದುರೆಯೊಂದನ್ನು ಅದೇ ರಾತ್ರಿ ಅದರ ಹಳೇ ಸ್ಟಾಲಿಗೆ, ಅಂದರೆ ಲಾಯದಲ್ಲಿ ಅದನ್ನು ಕಟ್ಟುವ ಗೂಡಿಗೆ, ಬಿಟ್ಟೆ. ಕೆಮ್ಮಿಲ್ಲ, ಮೂಗು ಒಣಗಿತ್ತು. ಐದಾರು ದಿನಕ್ಕೆ ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಮುಟ್ಟಿದರೆ ಬಿಸಿ, ತಲೆ ಕೊಡವಿ ಹಿಂದೆ ಸರಿಯುತ್ತಿತ್ತು. ಸ್ಟ್ರ್ಯಾಂಗಲ್ಸ್, ಗಂಟಲ ಸುತ್ತ ಗಂಟು ಎದ್ದು ಕೀವಾಗುವ ಕುದುರೆಗಳ ಅಂಟುರೋಗ. ಗಂಟು ಒಡೆದು ಕೀವು ಸುರಿಯುವಷ್ಟರಲ್ಲಿ ಇನ್ನೂ ಆರಕ್ಕೆ ಜ್ವರ. ಅರ್ಧ ಸೀಸನ್ ಹೋಯಿತು. ಎಂಟ್ರಿ ಫೀ ವಾಪಸ್ ಬರಲಿಲ್ಲ, ಡಾಕ್ಟರ್ ಬಿಲ್ಲು ಬೇರೆ. ಆಮೇಲಿನ ನಾಲ್ಕು ಸೀಸನ್‌ನಲ್ಲಿ ಬಕೆಟ್ಟು, ಸೋಪು, ಥರ್ಮಾಮೀಟರಿಗೆ ಆದ ಖರ್ಚಿನ ಹತ್ತು ಪಟ್ಟಾದರೂ ಆ ಎರಡು ತಿಂಗಳಲ್ಲೇ ಹೋಗಿರಬೇಕು.

ಸ್ಟ್ರ್ಯಾಂಗಲ್ಸ್‌ನಲ್ಲಿ ಜ್ವರ ಮೊದಲು ಬರುತ್ತದೆ, ಮೂಗಿನಿಂದ ರೋಗಾಣು ಹೊರಗೆ ಬರುವುದು ಅದಾದ ಒಂದೆರಡು ದಿನಕ್ಕೆ. ಆ ಒಂದೆರಡು ದಿನದಲ್ಲೇ ಬೇರೆ ಕಟ್ಟಿದರೆ ಗೆದ್ದ ಹಾಗೆ. ಆಗ ನಾನು ಜ್ವರವನ್ನೇ ನೋಡಿರಲಿಲ್ಲ.

ಶುರುವಿನಲ್ಲಿ ತಪ್ಪು ದಾರಿಯನ್ನೇ ಹಿಡಿದೆ. ಸ್ಪರ್ಧೆಯ ಸ್ಟಾಲಿಗೆ ಹೋದ ತಕ್ಷಣ ಗೋಡೆಗೆಲ್ಲ ಬ್ಲೀಚ್ ಹೊಡೆದೆ. ಲದ್ದಿ, ಸಿಂಬಳ ಅಂಟಿದ ಮೇಲೆ ಬ್ಲೀಚ್ ಹೊಡೆದರೆ ಅದು ಕೊಳೆಯಲ್ಲೇ ಖರ್ಚಾಗಿ ಹೋಗುತ್ತದೆ. ಮೊದಲು ಸೋಪಿನ ನೀರಲ್ಲಿ ಉಜ್ಜಿ, ತೊಳೆದು, ಒಣಗಿಸಿ, ಆಮೇಲೆ ರೋಗಾಣು ಕೊಲ್ಲುವ ಔಷಧಿ. ಹಣೆಗೆ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನೂ ನೋಡಿದೆ. ಬಿಸಿಲಲ್ಲಿ ನಿಂತ ಕುದುರೆಗಳಿಗೆಲ್ಲ ಜ್ವರ ತೋರಿಸಿತು! ಬಾಲದ ಕೆಳಗೆ, ಗುದದಲ್ಲಿ ಇಟ್ಟು ನೋಡುವುದೇ ಸರಿ. ಒದೆಯುವ ಹೆಣ್ಣು ಕುದುರೆಯನ್ನು ಅದಕ್ಕೆ ಒಗ್ಗಿಸುವ ನನ್ನದೇ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಕುದುರೆಗೆ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜ್ವರ ಅಂತ ಎಲ್ಲರಿಗೂ ಗೊತ್ತು. ಆದರೆ ಆ ಒಂದು ಅಂಕಿಯನ್ನೇ ನಂಬಬೇಡಿ. ನಮ್ಮ ಕಂದು ಕುದುರೆ ಯಾವಾಗಲೂ 37.4ರ ಆಸುಪಾಸು. ಸ್ಪರ್ಧೆಯೊಂದರಲ್ಲಿ ಒಂದು ಸಂಜೆ, ದಣಿವಾರಿ ಎರಡು ಗಂಟೆ ಆದ ಮೇಲೂ 38.3 ಇತ್ತು. ಹುಲ್ಲು ತಿನ್ನುತ್ತಲೇ ಇತ್ತು. ನಾನು ಕಾಯಲಿಲ್ಲ, ಡಾಕ್ಟರಿಗೆ ಹೇಳಿ ದೂರದ ಐಸೋಲೇಷನ್ ಸ್ಟಾಲಿಗೆ ಸಾಗಿಸಿದೆ. ಬೆಳಿಗ್ಗೆ 39.4, ಜೊತೆಗೆ ಒಣ ಕೆಮ್ಮು. ಸ್ವ್ಯಾಬ್‌ನಲ್ಲಿ ಇನ್‌ಫ್ಲುಯೆಂಜಾ. ಅಲ್ಲಿಗೆ ಬಂದಿದ್ದ ನಮ್ಮ ಉಳಿದ ನಾಲ್ಕಕ್ಕೆ ಏನೂ ಆಗಲಿಲ್ಲ. ಹಾಂ, ನೋವಿನ ಔಷಧಿ ಕೊಟ್ಟಿದ್ದರೆ ಜ್ವರ ಅಡಗಿರುತ್ತದೆ, ಡೋಸ್ ಕೊಡುವ ಮೊದಲೇ ನೋಡಿ.

2021ರಲ್ಲಿ ಸ್ಪೇನಿನ ವೇಲೆನ್ಸಿಯಾದ ಸ್ಪರ್ಧೆಯಿಂದ ಕುದುರೆಗಳ ಹರ್ಪಿಸ್ ವೈರಸ್ ಹರಡಿ ಯುರೋಪಿನಲ್ಲಿ 18 ಕುದುರೆಗಳು ಸತ್ತವು. ಅದರ ಲಸಿಕೆ ಹಾಕಿಸಿದ್ದರೂ ನರಕ್ಕೆ ಏರುವ ರೂಪ ತಪ್ಪುತ್ತದೆ ಅನ್ನುವ ಖಾತ್ರಿ ಇಲ್ಲ. ಅಲ್ಲಿಂದ ಮೇಲೆ ನಗುವವರು ಕಡಿಮೆಯಾದರು.

ಬಕೆಟ್, ಬ್ರಷ್, ಥರ್ಮಾಮೀಟರ್ ಒಂದೊಂದು ಕುದುರೆಗೆ ಒಂದೊಂದು, ಬಣ್ಣದ ಟೇಪ್ ಸುತ್ತಿ. ನೀರು ತುಂಬುವಾಗ ಪೈಪಿನ ತುದಿ ಬಕೆಟ್ಟಿನ ನೀರಿಗೆ ತಾಗಬಾರದು, ಮೇಲಿಂದ ಸುರಿಯಬೇಕು. ನಮ್ಮ ಹುಡುಗರು ಇದನ್ನು ಕಲಿಯಲು ಒಂದು ಸೀಸನ್ ಹಿಡಿಯಿತು. ಬೇರೆಯವರ ಕುದುರೆಯ ಮೂತಿ ಸವರಿ, ಅದೇ ಕೈಯಲ್ಲಿ ನಮ್ಮದಕ್ಕೆ ಕಡಿವಾಣ ಹಾಕುವ ಚಟ ಬಿಡಿಸುವುದು ಇನ್ನೂ ಕಷ್ಟ.

ಕುದುರೆ ಸಾಗಿಸುವ ಗಾಡಿಯಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ತಲೆ ಮೇಲೆತ್ತಿ ಬಿಗಿಯಾಗಿ ಕಟ್ಟುವುದನ್ನು ಬಿಟ್ಟು, ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ತಲೆ ತಗ್ಗಿಸಿ ಹುಲ್ಲು ತಿನ್ನಲು ಬಿಟ್ಟೆ. ದೂರದ ಪ್ರಯಾಣದ ಮಾರನೇ ದಿನದ ಜ್ವರ, ಸಿಂಬಳ ಅರ್ಧಕ್ಕಿಂತ ಜಾಸ್ತಿ ಇಳಿಯಿತು.

ವಾಪಸ್ ಬಂದವು ಎರಡು ವಾರ ಬೇರೆಯೇ ಇರುತ್ತವೆ. ಅವಕ್ಕೆ ಮೇವು ನೀರು ಎಲ್ಲ ಕೊನೆಗೆ. ಕುದುರೆಗಳ ಮಾಲೀಕರು ಈಗಲೂ ಜಗಳಕ್ಕೆ ಬರುತ್ತಾರೆ, ಹನ್ನೊಂದನೇ ದಿನಕ್ಕೇ ಬಿಟ್ಟುಬಿಡಿ ಅಂತ. ನಾನು ಬಿಡುವುದಿಲ್ಲ.