ಮೇನ್ ಹೋದರೂ ಆರಬಾರದ ದೀಪಗಳು: ಸೇನಾ ನೆಲೆಗೆ ಮೈಕ್ರೋಗ್ರಿಡ್ ಕಟ್ಟುವ ಬಗೆ

ಅಣ್ಣನ ಮಗನಿಗೆ ಎಂಇಎಸ್‌ನಲ್ಲಿ, ಅಂದರೆ ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನಲ್ಲಿ, ಜೂನಿಯರ್ ಎಂಜಿನಿಯರ್ ಕೆಲಸ ಸಿಕ್ಕಿದೆ. ದೀಪಾವಳಿಗೆ ಬೆಟಗೇರಿಗೆ ಬಂದವನು ನೋಟ್‌ಬುಕ್ ಹಿಡಿದುಕೊಂಡೇ ಬಂದ. "ಕಾಕಾ, ನಮ್ಮ ಸ್ಟೇಷನ್ನಿಗೆ ಮೈಕ್ರೋಗ್ರಿಡ್ ಮಾಡಬೇಕಂತ. ಎಷ್ಟು ಕಿಲೋವ್ಯಾಟ್ ಪ್ಯಾನಲ್ ಅಂತ ಬರಕೊಳ್ಳಲಿ?" ಅಂದ. "ಪ್ಯಾನಲ್ ಆಮ್ಯಾಲ ತಮ್ಮಾ. ಮೊದಲ ಕ್ಲ್ಯಾಂಪ್ ಮೀಟರ್ ತಗೊಂಡು ರಾತ್ರಿ ಅಡ್ಡಾಡು" ಅಂದೆ. ಕ್ಲ್ಯಾಂಪ್ ಮೀಟರ್ ಅಂದರೆ ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್. ಹಬ್ಬದ ಮೂರು ದಿನ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಸೈನ್ಯದಲ್ಲಿ 24 ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಯಾವ ನೆಲೆ, ಎಲ್ಲಿ ಅಂತ ಬರೆಯುವುದಿಲ್ಲ. ಲೆಕ್ಕಗಳೂ ಉದಾಹರಣೆಗೆ ಹಾಕಿಕೊಂಡವು. ಮಾಡುವ ಕ್ರಮ ಮಾತ್ರ ಎಲ್ಲ ಕಡೆ ಒಂದೇ.

ಮೈಕ್ರೋಗ್ರಿಡ್ ಅಂದರೆ ಬರೀ ಸೋಲಾರ್ ಅಲ್ಲ. ಸೋಲಾರ್, ಬ್ಯಾಟರಿ, ಡಿಜಿ ಸೆಟ್ (ಡೀಸೆಲ್ ಜನರೇಟರ್), ಇವನ್ನೆಲ್ಲ ನಡೆಸುವ ಕಂಟ್ರೋಲರ್, ಹೊರಗಿನ ಲೈನಿನಿಂದ ಬೇರೆಯಾಗುವ ಒಂದು ಬ್ರೇಕರ್. ಲೈನ್ ಇದ್ದಾಗ ಅದರ ಜೊತೆ ನಡೆಯುತ್ತದೆ, ಲೈನ್ ಹೋದಾಗ ದ್ವೀಪದ ಹಾಗೆ ತನ್ನಷ್ಟಕ್ಕೆ ನಡೆಯುತ್ತದೆ.

ಜನರೇಟರ್ ಇದೆಯಲ್ಲ, ಮತ್ತೇಕೆ ಇದೆಲ್ಲ?

2012ರ ಜುಲೈ 30, ರಾತ್ರಿ 2 ಗಂಟೆ 33 ನಿಮಿಷ. ಉತ್ತರ ಭಾರತದ ಗ್ರಿಡ್ ಬಿತ್ತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. 60 ಕೋಟಿಯಷ್ಟು ಜನರಿಗೆ ಕರೆಂಟ್ ಇರಲಿಲ್ಲ. ನಾನಾಗ ಉತ್ತರದ ಒಂದು ನೆಲೆಯಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದೆ. ಡಿಜಿ ಸೆಟ್ ಚೆನ್ನಾಗಿತ್ತು, ಟ್ಯಾಂಕ್ ತುಂಬಿತ್ತು. ಕೀ ತಿರುಗಿಸಿದರೆ ಟಕ್ ಟಕ್ ಅಂತಷ್ಟೇ ಸದ್ದು. ಸ್ಟಾರ್ಟ್ ಮಾಡುವ 12 ವೋಲ್ಟ್ ಬ್ಯಾಟರಿ ಕೂತುಬಿಟ್ಟಿತ್ತು. ಲಾರಿಯ ಬ್ಯಾಟರಿ ಬಿಚ್ಚಿ ತಂದು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಟರ್ಮಿನಲ್ ಬಿಗಿದು, ಎಂಜಿನ್ ಹತ್ತುವಷ್ಟರಲ್ಲಿ 40 ನಿಮಿಷ ಆಗಿತ್ತು. ಎಂಐ ರೂಮಿನ, ಅಂದರೆ ನೆಲೆಯ ಸಣ್ಣ ದವಾಖಾನೆಯ, ಫ್ರಿಜ್‌ನಲ್ಲಿ ಲಸಿಕೆ ಇತ್ತು. ಯಾರೂ ಬಾಗಿಲು ತೆಗೆಯಬಾರದು ಅಂತ ನರ್ಸಿಂಗ್ ಅಸಿಸ್ಟೆಂಟ್ ಹುಡುಗ ಅಷ್ಟೂ ಹೊತ್ತು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಆ ಬೆನ್ನು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದೇ ಯಂತ್ರವನ್ನು ನಂಬಿ ಕೂತರೆ ಹೀಗಾಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲೂ 2011ರ ಸೆಪ್ಟೆಂಬರ್ 8ರಂದು ಊರಿಗೆ ಊರೇ ಕತ್ತಲಾಗಿತ್ತು. ಅಲ್ಲಿನ ಮಿರಾಮಾರ್ ಸೇನಾ ವಾಯುನೆಲೆ ಆಮೇಲೆ ಕಸದ ಗುಡ್ಡೆಯಿಂದ ಬರುವ ಗ್ಯಾಸ್, ಸೋಲಾರ್, ಬ್ಯಾಟರಿ, ಜನರೇಟರ್ ಎಲ್ಲ ಸೇರಿಸಿ ಮೈಕ್ರೋಗ್ರಿಡ್ ಕಟ್ಟಿಕೊಂಡಿತು. ನಮ್ಮಲ್ಲೂ ಲಡಾಖ್‌ನ ಚುಶೂಲ್‌ನಲ್ಲಿ ಸೇನೆಗಾಗಿ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ಸೋಲಾರ್ ಮತ್ತು ಹೈಡ್ರೋಜನ್ ಸೇರಿಸಿದ ಮೈಕ್ರೋಗ್ರಿಡ್ ಕೈಗೆತ್ತಿಕೊಂಡಿದೆ. ಹಗಲೂ ರಾತ್ರಿ 200 ಕಿಲೋವ್ಯಾಟ್ ಕೊಡುವ ಯೋಜನೆ ಅದು.

ಮೊದಲು ರಾತ್ರಿ ಅಡ್ಡಾಡಿ

ಕಾಗದದ ಮೇಲಿನ ಲೋಡ್ ಪಟ್ಟಿ ನಂಬಬೇಡಿ. ಅದು ಕಟ್ಟಡ ಕಟ್ಟಿದ ವರ್ಷದ್ದು. ಕ್ಲ್ಯಾಂಪ್ ಮೀಟರ್ ಹಿಡಿದು ಪ್ರತಿ ಡಿಬಿ ಬಾಕ್ಸ್ (ಕರೆಂಟ್ ಹಂಚುವ ಪೆಟ್ಟಿಗೆ) ತೆರೆದು ಫೀಡರ್ ಫೀಡರ್ ಆಗಿ, ಅಂದರೆ ಒಂದೊಂದು ಮುಖ್ಯ ಕೇಬಲ್ಲಿನ ಲೆಕ್ಕದಲ್ಲಿ, ಅಳೆಯಿರಿ. ಮಧ್ಯಾಹ್ನ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ, ಬೆಳಗಿನ ಜಾವ 3ಕ್ಕೆ ಒಮ್ಮೆ. ಬೇಸಿಗೆಯಲ್ಲೂ ಚಳಿಗಾಲದಲ್ಲೂ ಒಂದೊಂದು ವಾರ ಆದರೆ ಇನ್ನೂ ಒಳ್ಳೆಯದು.

ಅಳೆಯುತ್ತಾ ಅಲ್ಲಿರುವವರನ್ನು ಒಂದೇ ಪ್ರಶ್ನೆ ಕೇಳಿ: ಇದು ಆರಿದರೆ ಎಷ್ಟು ಹೊತ್ತಿಗೆ ತೊಂದರೆ ಶುರುವಾಗುತ್ತದೆ? ಸಿಗ್ನಲ್ ರೂಮಿನವರು ಒಂದು ಸೆಕೆಂಡ್ ಅನ್ನುತ್ತಾರೆ. ಬೇಲಿಯ ದೀಪಕ್ಕೆ ಅರ್ಧ ನಿಮಿಷ. ಎಂಐ ರೂಮಿನ ಫ್ರಿಜ್‌ಗೆ ಒಂದೆರಡು ತಾಸು. ನೀರಿನ ಪಂಪಿಗೆ, ಮೇಲಿನ ಟ್ಯಾಂಕ್ ತುಂಬಿದ್ದರೆ, ಅರ್ಧ ದಿನ. ಸಾಹೇಬರ ಆಫೀಸಿನ ಎಸಿಗೆ ಇಡೀ ದಿನ ಆದರೂ ಏನೂ ಆಗುವುದಿಲ್ಲ. ಇದನ್ನು ಹೇಳುವ ಧೈರ್ಯ ಜೂನಿಯರ್‌ಗಳಿಗೂ ಇರಬೇಕು. ಎಲ್ಲವೂ ಮುಖ್ಯ ಅಂತ ಬರೆದರೆ ಯಾವುದೂ ಉಳಿಯುವುದಿಲ್ಲ.

ಆರಲೇಬಾರದ ಲೋಡುಗಳನ್ನು ಬೇರೆ ಪ್ಯಾನಲ್ ಬೋರ್ಡಿಗೆ, ಬೇರೆ ಕೇಬಲ್ಲಿಗೆ ತನ್ನಿ. ಹೆಚ್ಚು ಬೆವರು ಹರಿಯುವುದು ಈ ಕೆಲಸದಲ್ಲೇ. ಹಳೆಯ ವೈರಿಂಗ್‌ನಲ್ಲಿ ಸಿಗ್ನಲ್ ರೂಮ್ ಮತ್ತು ಕ್ಯಾಂಟೀನ್ ಒಂದೇ ಫೀಡರ್‌ನಲ್ಲಿ ಇರುತ್ತವೆ. ಬಿಡಿಸಲೇಬೇಕು.

ಈಗ ಲೆಕ್ಕ

ಒಟ್ಟು ಲೋಡ್ 180 ಕಿಲೋವ್ಯಾಟ್ ಇದೆ ಅಂದುಕೊಳ್ಳಿ. ಅದರಲ್ಲಿ ಆರಬಾರದ್ದು ಜಾಸ್ತಿ ಅಂದರೆ 22 ಕಿಲೋವ್ಯಾಟ್, ಸರಾಸರಿ 12. ದಿನಕ್ಕೆ 12ನ್ನು 24ರಿಂದ ಗುಣಿಸಿದರೆ 288 ಯೂನಿಟ್. ನಮ್ಮ ಗದಗ ಕಡೆ 1 ಕಿಲೋವ್ಯಾಟ್ ಪ್ಯಾನಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಅಲ್ಲಿಗೆ 72 ಕಿಲೋವ್ಯಾಟ್. ಧೂಳು, ಬ್ಯಾಟರಿಯ ನಷ್ಟ, ಮಳೆಗಾಲದ ಮೋಡ ಎಲ್ಲ ಸೇರಿಸಿ 100 ಇಟ್ಟುಕೊಳ್ಳಿ. ಇದಕ್ಕೆ ಸುಮಾರು 10,000 ಚದರಡಿ ಚಾವಣಿ ಬೇಕು. ಲೈನ್ ಇರುವ ದಿನಗಳಲ್ಲಿ ಇದೇ ಪ್ಯಾನಲ್ ಬಿಲ್ಲನ್ನೂ ಇಳಿಸುತ್ತದೆ.

ಬ್ಯಾಟರಿಗೆ ಸಂಜೆ 6ರಿಂದ ಬೆಳಗ್ಗೆ 7ರವರೆಗೆ 13 ತಾಸು. 12ರಂತೆ 156 ಯೂನಿಟ್. ಪೂರ್ತಿ ಖಾಲಿ ಮಾಡಬಾರದು, ಶೇಕಡಾ 80ರಷ್ಟು ಮಾತ್ರ ಬಳಸಬೇಕು. ಹಾಗಾಗಿ 200 ಯೂನಿಟ್‌ನದು ತನ್ನಿ. ಲಿಥಿಯಂ ಐರನ್ ಫಾಸ್ಫೇಟ್ ಒಳ್ಳೆಯದು. ಬೇಗ ಬೆಂಕಿ ಹಿಡಿಯುವುದಿಲ್ಲ, ಬಾಳಿಕೆಯೂ ಜಾಸ್ತಿ. ಆದರೆ ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ಡಿಗ್ರಿ ಮುಟ್ಟುತ್ತದೆ, ತಗಡಿನ ಶೆಡ್‌ನಲ್ಲಿ ಇಡಬೇಡಿ. ಎತ್ತರದ ನೆಲೆಗೆ ಪೋಸ್ಟಿಂಗ್ ಆದರೆ ಇನ್ನೊಂದು ಮಾತು: ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಅಲ್ಲಿ ರೂಮು ಬೆಚ್ಚಗಿಡುವ ಹೀಟರನ್ನೂ ಲೋಡ್ ಪಟ್ಟಿಗೆ ಸೇರಿಸಿ.

ಡಿಜಿ 40 ಕೆವಿಎ ಸಾಕು. ದೊಡ್ಡದು ತಂದರೆ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಶೇಕಡಾ 30ಕ್ಕಿಂತ ಕಡಿಮೆ ಲೋಡಿನಲ್ಲಿ ದಿನಗಟ್ಟಲೆ ಓಡಿದರೆ ಎಂಜಿನ್ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಹೊಗೆಕೊಳವೆಯಲ್ಲಿ ಕಪ್ಪು ಎಣ್ಣೆ ಜಿನುಗುತ್ತದೆ. ಅದಕ್ಕೇ ರಾತ್ರಿಯಿಡೀ ಸುಮ್ನೆ ಓಡಿಸುವ ಬದಲು ಕೆಲವು ತಾಸು ಮುಕ್ಕಾಲು ಲೋಡಿನಲ್ಲಿ ಓಡಿಸಿ, ಬ್ಯಾಟರಿ ತುಂಬಿಸಿ, ನಿಲ್ಲಿಸಿ. ಒಂದು ಲೀಟರಿಗೆ 3ರಿಂದ 3.5 ಯೂನಿಟ್ ಸಿಗುತ್ತದೆ. ಬಿಸಿಲೇ ಇಲ್ಲದ 3 ದಿನಕ್ಕೆ 300 ಲೀಟರ್ ಕೈಯಲ್ಲಿರಲಿ.

ಗಾಳಿಯಂತ್ರ ಬೇಡವೇ ಅಂತ ಹುಡುಗ ಕೇಳಿದ. ಗದಗದವನಿಗೆ ಅದು ಸಹಜ, ಕಪ್ಪತಗುಡ್ಡದ ಕಡೆ ಎಲ್ಲಿ ನೋಡಿದರೂ ಅವೇ. ಆಷಾಢದಲ್ಲಿ ಬಿಸಿಲು ಕಡಿಮೆ, ಗಾಳಿ ಜೋರು. ಒಂದಕ್ಕೊಂದು ಜೋಡಿ ಸರಿಯಾಗಿದೆ. ಆದರೆ ಹೆಲಿಪ್ಯಾಡ್, ರೇಡಾರ್ ಇರುವ ಕಡೆ ಎತ್ತರದ ಯಂತ್ರ ತೊಂದರೆ. ಅಂಥ ಕಡೆ ಬೇಡ.

ಯಜಮಾನ ಯಾರು?

ಮಾಮೂಲಿ ಸೋಲಾರ್ ಇನ್ವರ್ಟರ್ ಲೈನ್ ಇದ್ದರೆ ಮಾತ್ರ ನಡೆಯುತ್ತದೆ. ಲೈನ್ ಹೋದರೆ ಅದೂ ಬಂದ್, ಬಿಸಿಲು ಎಷ್ಟಿದ್ದರೂ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಸಲು ಇರುವ ನಿಯಮ ಅದು. ಹಾಗಾಗಿ ದ್ವೀಪವಾದಾಗ 50 ಹರ್ಟ್ಜ್ (ಕರೆಂಟಿನ ಕಂಪನದ ವೇಗ), 415 ವೋಲ್ಟ್ ಹುಟ್ಟಿಸಿ ಹಿಡಿದುಕೊಳ್ಳಲು ಒಬ್ಬ ಯಜಮಾನ ಬೇಕು. ಗ್ರಿಡ್ ಫಾರ್ಮಿಂಗ್ ಅಂತ ಸ್ಪಷ್ಟವಾಗಿ ಬರೆದಿರುವ ಬ್ಯಾಟರಿ ಇನ್ವರ್ಟರನ್ನೇ ಟೆಂಡರಿನಲ್ಲಿ ಕೇಳಿ. ಬ್ಯಾಟರಿ ತುಂಬಿದಾಗ ಅದು ಹರ್ಟ್ಜ್ ಸ್ವಲ್ಪ ಏರಿಸುತ್ತದೆ, ಅದನ್ನು ನೋಡಿ ಸೋಲಾರ್ ಇನ್ವರ್ಟರ್‌ಗಳು ಉತ್ಪಾದನೆ ತಗ್ಗಿಸುತ್ತವೆ. ಒಂದು ತಂತಿಯೂ ಬೇಡದ ಮಾತುಕತೆ. ನನಗೆ ಬಹಳ ಇಷ್ಟವಾದ ಉಪಾಯ ಇದು.

ಹೊರಗಿನ ಲೈನ್ ಕಡೆಯ ಬ್ರೇಕರ್‌ಗೆ ವಿದ್ಯುತ್ ಇಂಟರ್‌ಲಾಕ್ ಜೊತೆ ಮೆಕ್ಯಾನಿಕಲ್ ಇಂಟರ್‌ಲಾಕ್ ಕೂಡ ಇರಲಿ; ಇಂಟರ್‌ಲಾಕ್ ಅಂದರೆ ತಪ್ಪು ಜೋಡಣೆ ಆಗದಂತೆ ತಡೆಯುವ ಬೀಗ. ನಮ್ಮ ಕರೆಂಟ್ ಹೆಸ್ಕಾಂ ಲೈನಿಗೆ ಒಂದು ಕ್ಷಣವೂ ಹಿಂದಕ್ಕೆ ಹೋಗಬಾರದು. ಇನ್ನೊಂದು ಅಪಾಯ ಯಾರೂ ಹೇಳುವುದಿಲ್ಲ. ಶಾರ್ಟ್ ಆದಾಗ ಹೊರಗಿನ ಲೈನ್ ಸಾವಿರಾರು ಆಂಪ್ ಕೊಡುತ್ತದೆ, ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿ ಆಫ್ ಆಗುವ ಸ್ವಿಚ್, ತಟ್ಟನೆ ಬೀಳುತ್ತದೆ. ಇನ್ವರ್ಟರ್ ತನ್ನ ಶಕ್ತಿಯ ಒಂದೂವರೆ, ಎರಡು ಪಟ್ಟು ಕೊಟ್ಟರೆ ಹೆಚ್ಚು. ಅಷ್ಟಕ್ಕೆ ದೊಡ್ಡ ಎಂಸಿಬಿ ಬೀಳುವುದೇ ಇಲ್ಲ. ದ್ವೀಪವಾದಾಗ ಬೇರೆ ಸೆಟ್ಟಿಂಗ್‌ಗೆ ಹೋಗುವ ರಿಲೇ ಹಾಕಿಸಿ, ಅರ್ಥ್ ಸೋರಿಕೆ ಕಂಡೊಡನೆ ಬೀಳುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ.

ಕಂಟ್ರೋಲರನ್ನು ಇಂಟರ್ನೆಟ್ಟಿಗೆ ಜೋಡಿಸಬೇಡಿ. ಕಂಪನಿಯವರು ದೂರದಿಂದಲೇ ನೋಡಿಕೊಳ್ಳುತ್ತೇವೆ ಅಂತ ಸಿಮ್ ಹಾಕಲು ಬರುತ್ತಾರೆ. ಸೇನಾ ನೆಲೆಯಲ್ಲಿ ಅದು ಬೇಡವೇ ಬೇಡ.

ಪಂಪು ಮತ್ತು ಎರೆಮಣ್ಣು

ಸೇವೆ ಮುಗಿಸಿ ಬಂದ ಮೇಲೆ ಗದಗ ಹತ್ತಿರದ ಒಂದು ಹಾಸ್ಟೆಲ್ಲಿಗೆ ಇದೇ ಕ್ರಮದಲ್ಲಿ ಸಣ್ಣದೊಂದನ್ನು ಮಾಡಿಕೊಟ್ಟೆವು. 30 ಕೆವಿಎ ಇನ್ವರ್ಟರ್. ಮೊದಲ ದಿನ ಮೇನ್ ಇಳಿಸಿದೆ, ಒಂದು ದೀಪವೂ ಮಿಣುಕಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ಹತ್ತು ನಿಮಿಷಕ್ಕೆ ಬೋರ್‌ವೆಲ್ ಮೋಟರ್ ಶುರುವಾಯಿತು, ಇಡೀ ಕಟ್ಟಡ ಕತ್ತಲು. 7.5 ಎಚ್‌ಪಿ ಮೋಟರ್ ಓಡುವಾಗ 11 ಆಂಪ್ ಎಳೆಯುತ್ತದೆ. ನೇರ ಸ್ಟಾರ್ಟರ್‌ನಲ್ಲಿ ಏಳುವಾಗ ಅದರ ಆರು ಪಟ್ಟು, ಅಂದರೆ 47 ಕೆವಿಎಯಷ್ಟು. ಇನ್ವರ್ಟರ್ ತಡೆಯಲಿಲ್ಲ. ಮೋಟರ್ ವೇಗವನ್ನು ನಿಧಾನಕ್ಕೆ ಏರಿಸುವ ವಿಎಫ್‌ಡಿ ಹಾಕಿದ ಮೇಲೆ ಮೋಟರ್ ಮೆಲ್ಲಗೆ ಏಳುತ್ತದೆ, ತೊಂದರೆ ಇಲ್ಲ. ಮೋಟರ್ ಇರುವ ಕಡೆ ವಿಎಫ್‌ಡಿ ಇಲ್ಲವೇ ಸಾಫ್ಟ್ ಸ್ಟಾರ್ಟರ್‌ಗೆ ಮೊದಲೇ ದುಡ್ಡು ತೆಗೆದಿಡಿ.

ಇನ್ನು ನೆಲ. ನಮ್ಮ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಆ ಹಾಸ್ಟೆಲ್ಲಿನ ಅರ್ಥಿಂಗ್ ಗುಂಡಿ ಶ್ರಾವಣದಲ್ಲಿ 2 ಓಮ್ ತೋರಿಸಿತ್ತು (ಇದು ಕಡಿಮೆ ಇದ್ದಷ್ಟೂ ಒಳ್ಳೆಯದು). ಮೇ ತಿಂಗಳಲ್ಲಿ ಹೋಗಿ ನೋಡಿದರೆ ರಾಡ್ ಪಕ್ಕ ಕೈ ಇಳಿಯುವಷ್ಟು ಬಿರುಕು, ಮೀಟರ್‌ನಲ್ಲಿ 9. ಮಣ್ಣು ರಾಡನ್ನು ಬಿಟ್ಟು ಸರಿದಿತ್ತು. ಅಗಲವಾಗಿ ಅಗೆದು, ರಾಡ್ ಸುತ್ತ ನೀರು ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ತುಂಬಿ, ನೀರು ಹಾಕಲು ಕೊಳವೆ ಬಿಟ್ಟೆವು. ಅರ್ಥಿಂಗ್ ಅಳತೆ ಯಾವಾಗಲೂ ಮೇ ತಿಂಗಳಲ್ಲಿ ಮಾಡಿ. ನೆಲದ ಮೇಲೆ ಪ್ಯಾನಲ್ ನಿಲ್ಲಿಸುವುದಾದರೆ ಕಂಬದ ಬುಡ ಎರೆಮಣ್ಣು ದಾಟಿ ಗಟ್ಟಿ ಗರಸಿನವರೆಗೆ ಇಳಿಯಬೇಕು, ಇಲ್ಲವಾದರೆ ಎರಡೇ ಮಳೆಗಾಲಕ್ಕೆ ಸಾಲು ಡೊಂಕಾಗುತ್ತದೆ.

ಇಳಿಸಿ ನೋಡಿ

ಕಂಪನಿಯವರು ಹಸಿರು ದೀಪ ತೋರಿಸಿ ಸಹಿ ಕೇಳುತ್ತಾರೆ. ಮಾಡಬೇಡಿ. ಕಮಾಂಡರ್ ಸಾಹೇಬರ ಅನುಮತಿ ಪಡೆದು, ಎಂಐ ರೂಮಿಗೂ ಸಿಗ್ನಲ್‌ಗೂ ತಿಳಿಸಿ, ಮೇನ್ ಬ್ರೇಕರನ್ನು ಕೈಯಿಂದಲೇ ಇಳಿಸಿ. ಒಂದು ರಾತ್ರಿ, ಒಂದು ಹಗಲು ಪೂರ್ತಿ ಹಾಗೇ ನಡೆಸಿ. ಆಮೇಲೆ ಎಲ್ಲವನ್ನೂ ಬಂದ್ ಮಾಡಿ, ಬ್ಯಾಟರಿ ಇನ್ವರ್ಟರ್ ಕೂಡ, ಸತ್ತ ಸ್ಥಿತಿಯಿಂದ ಎಬ್ಬಿಸಿ ನೋಡಿ. ಎಬ್ಬಿಸುವ ಕ್ರಮ ಕನ್ನಡಿಯಷ್ಟು ದೊಡ್ಡ ಬೋರ್ಡಿನಲ್ಲಿ ಬರೆದು ಗೋಡೆಗೆ ಹಾಕಿ. ಅವತ್ತು ಡ್ಯೂಟಿಯಲ್ಲಿರುವ ಹುಡುಗ ಹೊಸಬನೇ ಇರಬಹುದು.

ತಿಂಗಳಿಗೊಮ್ಮೆ ಹದಿನೈದು ನಿಮಿಷ ಮೇನ್ ಇಳಿಸಿ. ಲಾಗ್‌ಬುಕ್ ಇಡಿ. ಅದರ ಮೊದಲ ಕಾಲಂ ಡಿಜಿ ಸ್ಟಾರ್ಟ್ ಮಾಡುವ ಬ್ಯಾಟರಿಯ ವೋಲ್ಟೇಜಿಗೆ. 12.4ಕ್ಕಿಂತ ಕೆಳಗಿದ್ದರೆ ಅವತ್ತೇ ಚಾರ್ಜಿಗೆ ಹಾಕಿ.