ಓಬವ್ವನ ಕಿಂಡಿಗೆ ಎರಡು ಬೆಂಚು

ತರಾಸು ರಂಗಮಂದಿರದಲ್ಲಿ ಒಂದೂವರೆ ಗಂಟೆ ನಡೆಯುವ ನೃತ್ಯರೂಪಕವನ್ನು ಮೊಟಕು ಮಾಡಿ ಹಳ್ಳಿ ಶಾಲೆಗೆ ಒಯ್ದರೆ ಮಕ್ಕಳ ಪಾಲಿಗೆ ಬರುವುದು ಅದರ ಚೂರುಪಾರು. ಶಾಲೆಗೆಂದು ಮಾಡುವುದನ್ನು ಶಾಲೆಯ ಅಂಗಳಕ್ಕೆಂದೇ ಹೊಸದಾಗಿ ಕಟ್ಟಬೇಕು. ಚಿತ್ರದುರ್ಗದಲ್ಲಿ ಭರತನಾಟ್ಯ ಕಲಿಸುವ ನಾನು ಹಿರಿಯ ವಿದ್ಯಾರ್ಥಿಗಳನ್ನೇ ಸೇರಿಸಿಕೊಂಡು ತಂಡ ಮಾಡಿದ್ದೇನೆ. ಹಿರಿಯೂರು, ಚಳ್ಳಕೆರೆ, ಹೊಳಲ್ಕೆರೆ ಕಡೆಯ ಸರ್ಕಾರಿ ಶಾಲೆಗಳಿಗೆ ನೃತ್ಯ ಒಯ್ದದ್ದು ಹೇಗೆಂದು ಬರೆಯುತ್ತಿದ್ದೇನೆ. ಬೇರೆ ಊರಿನ ನೃತ್ಯ ಶಿಕ್ಷಕರಿಗೆ ಉಪಯೋಗಕ್ಕೆ ಬಂದೀತು.

ಕಥೆ ಆರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒನಕೆ ಓಬವ್ವನ ಹೆಸರು ಕೇಳದ ಮಗು ನಮ್ಮ ಜಿಲ್ಲೆಯಲ್ಲಿಲ್ಲ. ಹೈದರಾಲಿ ಕೋಟೆಗೆ ಮುತ್ತಿಗೆ ಹಾಕಿದ್ದು, ಕಾವಲುಗಾರ ಗಂಡ ಊಟಕ್ಕೆ ಬಂದದ್ದು, ನೀರಿಗೆಂದು ಹೋದ ಓಬವ್ವ ಕಿಂಡಿಯಲ್ಲಿ ನುಸುಳುತ್ತಿದ್ದ ಸೈನಿಕರನ್ನು ಕಂಡು ಒನಕೆ ಹಿಡಿದು ನಿಂತದ್ದು, ಎಲ್ಲ ಅವರಿಗೆ ಗೊತ್ತು. ಕೋಟೆಗೆ ಪ್ರವಾಸ ಬಂದವರು ಆ ಕಿಂಡಿಯಲ್ಲಿ ತೂರಿ ನೋಡಿರುತ್ತಾರೆ. ಕಥೆ ಮೊದಲೇ ಗೊತ್ತಿದ್ದರೆ ಮಕ್ಕಳ ಕಣ್ಣು ನೇರವಾಗಿ ನೃತ್ಯದ ಮೇಲೆ ನೆಡುತ್ತದೆ. ‘ಮುಂದೇನಾಯ್ತು’ ಎಂಬುದರ ಬದಲು ‘ಅದನ್ನು ಹೇಗೆ ತೋರಿಸಿದರು’ ಎಂದು ನೋಡುತ್ತಾರೆ. ನನಗೆ ಬೇಕಾದದ್ದು ಅದೇ.

ಕಿಂಡಿಗೆ ನಾವು ಯಾವ ಸೆಟ್ಟನ್ನೂ ಒಯ್ಯುವುದಿಲ್ಲ. ಶಾಲೆಯ ಎರಡು ಬೆಂಚುಗಳನ್ನು ಒಂದು ಮೊಳ ಅಂತರದಲ್ಲಿ ನಿಲ್ಲಿಸಿದರೆ ಕಿಂಡಿ ತಯಾರು. ಸೈನಿಕರೆಲ್ಲ ಆ ಶಾಲೆಯ ಮಕ್ಕಳೇ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಂದು ಪೀರಿಯಡ್ ಅವರಿಗೆ ಹೇಳಿಕೊಡುತ್ತೇವೆ: ಬಗ್ಗಿ, ಒಬ್ಬರ ಹಿಂದೆ ಒಬ್ಬರು, ಸದ್ದಿಲ್ಲದೆ ನುಸುಳಬೇಕು, ಜತಿಯ (ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳ) ಕೊನೆಯ ‘ತೊಂ’ ಬಿದ್ದಾಗ ಉರುಳಬೇಕು. ಒನಕೆ ಯಾರ ಮೈಗೂ ತಾಗುವುದಿಲ್ಲ, ಏಟೆಲ್ಲ ಮೃದಂಗದಲ್ಲೇ ಇದೆ. ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತೆ. ಸೈನಿಕರ ಮೈಮೇಲೆ ಧರ್ಮದ ಯಾವ ಗುರುತೂ ಇರಕೂಡದು. ಅಂಗಳದಲ್ಲಿ ಕೂತ ಮಕ್ಕಳಲ್ಲಿ ಎಲ್ಲ ಮನೆಯವರೂ ಇರುತ್ತಾರೆ. ಒಬ್ಬಳು ಹೆಣ್ಣುಮಗಳು ಗಂಡನ ಊಟ ಕೆಡಿಸದೆ ತನ್ನ ಊರು ಕಾದದ್ದು ಈ ಕಥೆ, ಅಲ್ಲಿ ಯಾವ ಮಗುವೂ ತಲೆ ತಗ್ಗಿಸಿ ಕೂರುವಂತಾಗಬಾರದು. ಎಲ್ಲರ ಸೊಂಟಕ್ಕೂ ಒಂದೇ ಬಣ್ಣದ ವಸ್ತ್ರ ಕಟ್ಟುತ್ತೇವೆ, ಅಷ್ಟೇ.

ಇನ್ನು ಆ ‘ತೊಂ’ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಶಾಲೆಯಲ್ಲಿ ನೃತ್ಯಕ್ಕೆ ಜಾಗ ಸಿಕ್ಕಿದ್ದೇ ಅದರ ದಾರಿಯಲ್ಲಿ. ರೂಪಕಕ್ಕೆ ಮುಂಚೆ ಮಕ್ಕಳ ಕೈಯಲ್ಲಿ ಚಪ್ಪಾಳೆ ಹಾಕಿಸುತ್ತ ತಾಳದ ಐದು ಜಾತಿ, ಅಂದರೆ ಅಕ್ಷರಗಳನ್ನು ಎಣಿಸುವ ಐದು ಬಗೆ, ಹೇಳಿಸುತ್ತೇನೆ. ತಿಶ್ರಕ್ಕೆ ತಕಿಟ, ಚತುರಶ್ರಕ್ಕೆ ತಕದಿಮಿ, ಖಂಡಕ್ಕೆ ತಕತಕಿಟ, ಮಿಶ್ರಕ್ಕೆ ತಕಿಟತಕದಿಮಿ, ಸಂಕೀರ್ಣಕ್ಕೆ ತಕದಿಮಿತಕತಕಿಟ. ಅಕ್ಷರಗಳು ಕ್ರಮವಾಗಿ 3, 4, 5, 7, 9. ಆಮೇಲೆ ಒಂದು ಲೆಕ್ಕ ಕೊಡುತ್ತೇನೆ. ‘ತದಿಗಿಣತೊಂ’ಗೆ 5 ಅಕ್ಷರ, ಮೂರು ಸಲ ಹೇಳಿದರೆ 15. ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 16 ಮಾತ್ರೆ ಹಿಡಿಯೋಣ, ಮಾತ್ರೆಗೊಂದು ಅಕ್ಷರ. ಕೊನೆಯ ‘ತೊಂ’ ಸರಿಯಾಗಿ ಮುಂದಿನ ಆವರ್ತದ ಮೊದಲ ಮಾತ್ರೆಯ ಮೇಲೆ ಬೀಳಬೇಕಾದರೆ ಎಷ್ಟನೆಯ ಮಾತ್ರೆಯಿಂದ ಹಿಡಿಯಬೇಕು? ಏಳನೇ ತರಗತಿಯವರು ಬೆರಳು ಮಡಚಿ, ನೆಲದ ಮೇಲೆ ಗೀಟು ಎಳೆದು, ಒಬ್ಬರಿಗೊಬ್ಬರು ಜಗಳವಾಡಿ ‘ಮೂರು!’ ಅನ್ನುತ್ತಾರೆ. ಹೌದು, ಎರಡು ಮಾತ್ರೆ ಬಿಟ್ಟು ಮೂರನೆಯದರಿಂದ. ತಕ್ಷಣ ಮೃದಂಗದವರು ಬಾರಿಸಿ ತೋರಿಸುತ್ತಾರೆ. ತಾವು ಲೆಕ್ಕ ಹಾಕಿದ ಜಾಗದಲ್ಲೇ ಕಾಲು ಬಂದು ಬಿದ್ದಾಗ ಮಕ್ಕಳು ಕೂಗುವ ಕೂಗಿಗೆ ಸ್ಟಾಫ್ ರೂಮಿನಿಂದ ಮೇಷ್ಟ್ರುಗಳೂ ಎದ್ದು ಬರುತ್ತಾರೆ. ಒಂದು ಶಾಲೆಯ ಗಣಿತದ ಮೇಷ್ಟ್ರು, “ಮೇಡಂ, ಇದನ್ನ ಹಲಗೆ ಮೇಲೆ ಬರ್ಕೊಡಿ, ಸೋಮವಾರ ನಾನೂ ಮಾಡಿಸ್ತೀನಿ” ಎಂದರು. ಅಲ್ಲಿಂದೀಚೆಗೆ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡುವಾಗ ಈ ಲೆಕ್ಕದಿಂದಲೇ ಶುರು ಮಾಡುತ್ತೇನೆ. ನೃತ್ಯ ಎಂದರೆ ಪ್ರತಿಭಾ ಕಾರಂಜಿಗೆ, ಇಲ್ಲವೇ ವಾರ್ಷಿಕೋತ್ಸವಕ್ಕೆ ಎಂದುಕೊಂಡಿದ್ದವರೂ ಆಗ ಕೂತು ಕೇಳುತ್ತಾರೆ.

ನೆಲದ ವಿಚಾರವನ್ನು ಯಾರೂ ಮೊದಲು ಕೇಳುವುದಿಲ್ಲ, ನಾನು ಅದನ್ನೇ ಮೊದಲು ಕೇಳುತ್ತೇನೆ. ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಮಡಚಿ ಅರ್ಧ ಕೂತು, ಪಾದ ತಟ್ಟುವವರಿಗೆ ಸಿಮೆಂಟು ನೆಲ ಹಿಮ್ಮಡಿಗೂ ಮಂಡಿಗೂ ಶತ್ರು. ಶಾಲೆಯ ಜಗುಲಿ ಸಿಮೆಂಟಿನದು, ಎತ್ತರವೂ ಇರುತ್ತದೆ ಎಂದು ಎಲ್ಲರೂ ಅದನ್ನೇ ವೇದಿಕೆ ಎಂದು ತೋರಿಸುತ್ತಾರೆ. ನಾನು ಬೇಡವೆನ್ನುತ್ತೇನೆ. ಹಿಂದಿನ ಸಂಜೆ ನೀರು ಚಿಮುಕಿಸಿ, ಕಲ್ಲು ಆರಿಸಿ, ತುಳಿದು ಗಟ್ಟಿ ಮಾಡಿದ ಮಣ್ಣಿನಷ್ಟು ಒಳ್ಳೆಯ ನೆಲ ಇನ್ನೊಂದಿಲ್ಲ. ಶಾಲಾಭಿವೃದ್ಧಿ ಸಮಿತಿಯವರಿಗೆ (ಎಸ್‌ಡಿಎಂಸಿ) ಹೇಳಿದರೆ ಊರವರೇ ಮಾಡಿಕೊಡುತ್ತಾರೆ. ಜಮಖಾನ ಹಾಸಲು ಬಿಡಬೇಡಿ, ಕಾಲಿಗೆ ಸಿಕ್ಕಿ ಜಾರುತ್ತದೆ. ಸುತ್ತ ಮೂರು ಕಡೆ ಮಕ್ಕಳು ನೆಲದ ಮೇಲೆ ಕೂತರೆ ಹಿಂದಿನ ಸಾಲಿನ ಚಿಕ್ಕವರಿಗೂ ಪಾದ ಕಾಣುತ್ತದೆ. ಭರತನಾಟ್ಯದಲ್ಲಿ ಪಾದ ಕಾಣದಿದ್ದರೆ ಅರ್ಧ ಹೋದಂತೆ.

ಸಂಗೀತವೂ ಎದುರಿನಲ್ಲೇ ನಡೆಯಬೇಕು. ನಟುವಾಂಗ (ತಾಳ ಹಾಕುತ್ತ ಜತಿ ಹೇಳುವುದು), ಮೃದಂಗ, ಕೊಳಲು, ಒಬ್ಬರು ಹಾಡುಗಾರರು ಇದ್ದರೆ ಕರೆಂಟು ಹೋದರೂ ಚಿಂತೆಯಿಲ್ಲ. ಶನಿವಾರ ಬೆಳಗಿನ ಶಾಲೆ, ಬಿಸಿಲೇರುವ ಮುಂಚೆ ಮುಗಿಯುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಂದ ಅನುಮತಿ ಪತ್ರ ಮೊದಲೇ ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಡಿಬಿಡಿ ಹತ್ತುವ ಮುಂಚಿನ ತಿಂಗಳುಗಳೇ ಮೇಲು. ಶಾಲೆಯಿಂದ ಹಣ ಕೇಳುವುದಿಲ್ಲ; ಊರಿನಲ್ಲಿ ಟಿಕೆಟ್ ಇಟ್ಟು ಮಾಡುವ ಪ್ರದರ್ಶನದ ದುಡ್ಡು ಗಾಡಿ ಬಾಡಿಗೆಗೆ ಹೋಗುತ್ತದೆ. ಸಾಮಾನು ಕಡಿಮೆ ಇಟ್ಟುಕೊಂಡು ಊರೂರು ತಿರುಗುವ ರೀತಿಯನ್ನು ನಮ್ಮದೇ ಜಿಲ್ಲೆಯ ಸಾಣೇಹಳ್ಳಿಯ ಶಿವಸಂಚಾರ ನಾಟಕ ತಂಡದವರು 1997ರಿಂದ ತೋರಿಸಿಕೊಟ್ಟಿದ್ದಾರೆ. ಅವರು ಲಾರಿಯಿಂದ ಇಳಿದು ರಂಗ ಸಜ್ಜು ಮಾಡುವುದನ್ನು ಒಮ್ಮೆ ನಿಂತು ನೋಡಿ.

ಮೇಕಪ್ಪನ್ನು ನಾವು ಮಕ್ಕಳ ಎದುರಿಗೇ ಹಾಕಿಕೊಳ್ಳುತ್ತೇವೆ. ಕಾಡಿಗೆ ತೀಡಿದ ಕಣ್ಣು ನೋಡಿ ಒಂದನೇ ತರಗತಿಯವರು ಹೆದರುವುದುಂಟು. ಅಕ್ಕ ತಮ್ಮೆದುರೇ ಓಬವ್ವ ಆಗುವುದನ್ನು ನೋಡಿದರೆ ಆ ಹೆದರಿಕೆ ಇರುವುದಿಲ್ಲ. ಆ ಹೊತ್ತಿನಲ್ಲಿ ಪ್ರಶ್ನೆಗಳೂ ಬರುತ್ತವೆ. “ಮಿಸ್, ಗಂಡು ಹುಡುಗ್ರೂ ಇದನ್ನ ಕಲೀಬೋದಾ?” ಎಂದು ಎಲ್ಲ ಕಡೆ ಯಾರಾದರೊಬ್ಬ ಕೇಳುತ್ತಾನೆ. ಉತ್ತರವಾಗಿ ನಮ್ಮ ತಂಡದ ಹುಡುಗನನ್ನೇ ಮುಂದೆ ಕಳಿಸುತ್ತೇನೆ. ಜೊತೆಗೆ, “ನಿಮ್ಮೂರಲ್ಲಿ ವೀರಗಾಸೆ ಕುಣಿಯೋರು ಯಾರಪ್ಪಾ?” ಎಂದು ಕೇಳುತ್ತೇನೆ. ಮುಂದಿನದು ಅವರಿಗೇ ಹೊಳೆಯುತ್ತದೆ.

ಇನ್ನು ಮೊಳಕಾಲ್ಮೂರು ತಾಲ್ಲೂಕಿಗೆ ಹೊರಡಬೇಕು. ಆಂಧ್ರದ ಗಡಿಗೆ ಅಂಟಿಕೊಂಡ ಆ ಭಾಗದಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು, ಆದ್ದರಿಂದ ಹಾಡು ಕಡಿಮೆ, ಅಭಿನಯ ಹೆಚ್ಚು ಇರುವ ರೂಪಕ ಬೇಕು. ಅಲ್ಲಿಯದೇ ಬ್ರಹ್ಮಗಿರಿಯ ಅಶೋಕನ ಶಾಸನವನ್ನೇ ಎತ್ತಿಕೊಂಡಿದ್ದೇವೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಬಗ್ಗೆ ದಯೆ ಇರಬೇಕು, ನಿಜ ನುಡಿಯಬೇಕು ಎನ್ನುವ ಆ ಶಾಸನವನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಕೊನೆಯಲ್ಲಿ ಲಿಪಿಕಾರ ಎಂಬ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಆ ಲಿಪಿ ಬಲ್ಲವನೊಬ್ಬ ನಮ್ಮ ಬೆಟ್ಟದ ಬಂಡೆಯ ಮುಂದೆ ಕೂತಿದ್ದ! ನಮ್ಮ ಹುಡುಗ ಚಪಡನಾಗುತ್ತಾನೆ. ಶಾಸನದ ಸಾಲುಗಳಿಗೆ ಎಡದಿಂದ ಬಲಕ್ಕೆ ಅಡವು (ನೃತ್ಯದ ಹೆಜ್ಜೆ), ಆ ಒಂದು ಪದಕ್ಕೆ ಮಾತ್ರ ಬಲದಿಂದ ಎಡಕ್ಕೆ. ಅದಕ್ಕೆ ಯಾವ ಜಾತಿ ಹೊಂದುತ್ತದೆ ಎಂದು ಇನ್ನೂ ನೋಡುತ್ತಿದ್ದೇವೆ. ನನಗೆ ಮಿಶ್ರ ಬೇಕು, ಮೃದಂಗದವರು ಖಂಡವೇ ಸರಿ ಎನ್ನುತ್ತಿದ್ದಾರೆ.